ಅಮೆರಿಕದ ಪಕ್ಷಪಾತಿ ಮಾಧ್ಯಮ: ಖರ್ಚು ಕೊಟ್ಟವರು ಯಾರು?

ಓದುಗರ ಪ್ರಶ್ನೆ: ಅಮೆರಿಕದ ಸುದ್ದಿ ಚಾನೆಲ್‌ಗಳನ್ನು ನೋಡಿದರೆ ಒಂದೊಂದೂ ಒಂದು ಪಕ್ಷದ ಮುಖವಾಣಿ ಥರ ಕಾಣುತ್ತದೆ. 1987ರಲ್ಲಿ ಸರ್ಕಾರ ಒಂದು ನಿಯಮ ತೆಗೆದುಹಾಕಿತು, ಅಲ್ಲಿಂದ ಎಲ್ಲ ಕೆಟ್ಟಿತು ಅಂತ ಓದಿದ್ದೇನೆ. ಇದು ನಿಜವೇ? ಅದಕ್ಕೂ ಮೊದಲು ಅಲ್ಲಿನ ಪತ್ರಿಕೆ, ರೇಡಿಯೊ ಯಾವ ಕಡೆಗೂ ವಾಲದೆ ಇದ್ದವೇ? ಆ ನಿಯಮ ಮತ್ತೆ ತಂದರೆ ಸರಿಹೋಗುತ್ತದೆಯೇ?

ಉತ್ತರ: ಒಟ್ಟಿಗೆ ಮೂರು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ ಅರ್ಧ ಹೌದು. ಎರಡನೆಯದಕ್ಕೆ ಖಡಾಖಂಡಿತ ಇಲ್ಲ. ಮೂರನೆಯದಕ್ಕೂ ಇಲ್ಲ. ಅದಕ್ಕೆ ಕಾನೂನಿನ ಕಾರಣವೊಂದಿದೆ, ಕೊನೆಗೆ ಹೇಳುತ್ತೇನೆ.

ಎರಡನೆಯದರಿಂದಲೇ ಶುರು ಮಾಡೋಣ. ಮೊದಲು ಎಲ್ಲರೂ ತಟಸ್ಥರಾಗಿದ್ದರು, ಆಮೇಲೆ ಯಾರೋ ಕೆಡಿಸಿದರು ಅನ್ನೋ ಕಥೆ ಕೇಳೋಕೆ ಚೆನ್ನಾಗಿದೆ. ನಡೆದದ್ದು ಉಲ್ಟಾ. ಅಮೆರಿಕದಲ್ಲಿ ರಾಜಕೀಯ ಪಕ್ಷಗಳು ಕಣ್ಣು ಬಿಟ್ಟಿದ್ದೇ ಪತ್ರಿಕೆಗಳ ಮಡಿಲಲ್ಲಿ. ತಟಸ್ಥತೆ ನಡುವೆ ಕೆಲವು ದಶಕ ಬಂದು ಹೋಯಿತು, ಅಷ್ಟೆ. ಈ ಇತಿಹಾಸ ಓದುವಾಗ ಸಂಪಾದಕನ ಮನಸ್ಸಿನಲ್ಲಿ ಏನಿತ್ತು ಅಂತ ಹುಡುಕುವುದಕ್ಕಿಂತ, ಪೇಪರಿನ ಖರ್ಚು ಯಾರು ಕೊಡುತ್ತಿದ್ದರು ಅಂತ ನೋಡಿದರೆ ಬೇಗ ಅರ್ಥವಾಗುತ್ತದೆ.

1789ರ ಏಪ್ರಿಲ್ 15. ಜಾರ್ಜ್ ವಾಷಿಂಗ್ಟನ್ ಇನ್ನೂ ಅಧ್ಯಕ್ಷರಾಗಿ ಪ್ರಮಾಣವಚನವನ್ನೇ ತೆಗೆದುಕೊಂಡಿರಲಿಲ್ಲ. ನ್ಯೂಯಾರ್ಕಿನಲ್ಲಿ ಜಾನ್ ಫೆನ್ನೊ ಅನ್ನುವವರು 'ಗೆಜೆಟ್ ಆಫ್ ದಿ ಯುನೈಟೆಡ್ ಸ್ಟೇಟ್ಸ್' ಪತ್ರಿಕೆ ಶುರು ಮಾಡಿದರು. ಹೊಸ ಸರ್ಕಾರವನ್ನು ಹೊಗಳುವುದು ಅದರ ಕೆಲಸ. ಅದಕ್ಕೆ ಬೆನ್ನೆಲುಬಾಗಿ ನಿಂತವರು ಖಜಾನೆ ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಇಲಾಖೆಯ ಮುದ್ರಣದ ಕೆಲಸ ಫೆನ್ನೊಗೆ ಸಿಗುತ್ತಿತ್ತು. ಕೈ ಕಟ್ಟಿದಾಗ ಹ್ಯಾಮಿಲ್ಟನ್ ಸಾಲವನ್ನೂ ಕೊಟ್ಟರು.

ಇದು ಅದೇ ಸಂಪುಟದಲ್ಲಿದ್ದ ವಿದೇಶಾಂಗ ಮಂತ್ರಿ ಥಾಮಸ್ ಜೆಫರ್ಸನ್ ಕಣ್ಣಿಗೆ ಚುಚ್ಚುತ್ತಿತ್ತು. ಅವರೇನು ಮಾಡಿದರು ನೋಡಿ. ಫಿಲಿಪ್ ಫ್ರೆನೊ ಅನ್ನುವ ಕವಿಯನ್ನು ತಮ್ಮ ಇಲಾಖೆಗೆ ಅನುವಾದಕ ಗುಮಾಸ್ತನಾಗಿ ಸೇರಿಸಿಕೊಂಡರು. ಸಂಬಳ ವರ್ಷಕ್ಕೆ 250 ಡಾಲರ್. ಕೆಲಸ ಹಗುರ, ಬಿಡುವು ಜಾಸ್ತಿ. ಆ ಬಿಡುವಿನಲ್ಲಿ ಫ್ರೆನೊ 1791ರ ಅಕ್ಟೋಬರ್‌ನಿಂದ 'ನ್ಯಾಷನಲ್ ಗೆಜೆಟ್' ಪತ್ರಿಕೆ ಹೊರತಂದರು. ಹ್ಯಾಮಿಲ್ಟನ್ ನೀತಿಗಳನ್ನು ತರಾಟೆಗೆ ತೆಗೆದುಕೊಳ್ಳೋದೇ ಅದರ ಮುಖ್ಯ ಕೆಲಸ. ಫ್ರೆನೊ ಜೊತೆ ಕಾಲೇಜಿನಲ್ಲಿ ಓದಿದ್ದ ಜೇಮ್ಸ್ ಮ್ಯಾಡಿಸನ್ ಅದರಲ್ಲಿ ಹೆಸರು ಹಾಕದೆ ಲೇಖನ ಬರೆದರು. ಹ್ಯಾಮಿಲ್ಟನ್ ಸುಮ್ಮನಿರಲಿಲ್ಲ. ಅವರೂ ಹೆಸರು ಮರೆಸಿ ಫೆನ್ನೊ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದು ಕೇಳಿದರು: ಸರ್ಕಾರ ಈ ಸಂಪಾದಕನಿಗೆ ಸಂಬಳ ಕೊಡ್ತಿರೋದು ಅನುವಾದಕ್ಕೋ, ಸರ್ಕಾರವನ್ನೇ ಬೈಯುವ ಬರಹಕ್ಕೋ?

ಅಂದರೆ ಒಂದೇ ಸಂಪುಟದ ಇಬ್ಬರು ಮಂತ್ರಿಗಳು ಒಂದೇ ಸರ್ಕಾರದ ದುಡ್ಡಿನಲ್ಲಿ ಎರಡು ಪತ್ರಿಕೆ ಸಾಕಿಕೊಂಡು ಒಬ್ಬರನ್ನೊಬ್ಬರು ಬೈಸುತ್ತಿದ್ದರು. ವಾಷಿಂಗ್ಟನ್‌ಗೆ ಇದು ತಲೆನೋವಾಯಿತು. ಆ ಪುಂಡ ಫ್ರೆನೊ ದಿನಾ ತನ್ನ ಪೇಪರಿನ ಮೂರು ಪ್ರತಿ ಮನೆಗೆ ಕಳಿಸುತ್ತಾನೆ, ನಾನೇ ಹಂಚುತ್ತೇನೆ ಅಂದುಕೊಂಡಿದ್ದಾನೋ ಏನೋ ಅಂತ ಅವರು ಸಭೆಯಲ್ಲಿ ಸಿಡಿಮಿಡಿಗೊಂಡಿದ್ದನ್ನು ಜೆಫರ್ಸನ್ನರೇ ತಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾರೆ. ಗುಮಾಸ್ತನನ್ನು ಮಾತ್ರ ಜೆಫರ್ಸನ್ ಕೆಲಸದಿಂದ ತೆಗೆಯಲಿಲ್ಲ. ದೇಶ ರಾಜರ ಆಳ್ವಿಕೆಗೆ ಜಾರುವುದನ್ನು ತಪ್ಪಿಸಿದ್ದೇ ಆ ಪತ್ರಿಕೆ ಅನ್ನೋದು ಅವರ ವಾದ.

ಇವಕ್ಕೆಲ್ಲ ಸರ್ಕಾರದ ಇನ್ನೊಂದು ಸಹಾಯವೂ ಇತ್ತು. ಅದನ್ನು ಜನ ಅಷ್ಟಾಗಿ ಗಮನಿಸೋದಿಲ್ಲ. 1792ರ ಅಂಚೆ ಕಾಯ್ದೆ ಪ್ರಕಾರ ಒಂದು ಪತ್ರಿಕೆಯನ್ನು ನೂರು ಮೈಲಿ ದೂರ ಕಳಿಸಲು ಒಂದು ಸೆಂಟ್. ಅದಕ್ಕಿಂತ ದೂರವಾದರೆ ಒಂದೂವರೆ ಸೆಂಟ್. ಅದೇ ಕಾಲದಲ್ಲಿ ಒಂದು ಹಾಳೆಯ ಕಾಗದ ಬರೆದರೆ ದೂರ ನೋಡಿಕೊಂಡು ಆರರಿಂದ ಇಪ್ಪತ್ತೈದು ಸೆಂಟ್ ಆಗುತ್ತಿತ್ತು. ಒಬ್ಬ ಮುದ್ರಕ ಇನ್ನೊಬ್ಬ ಮುದ್ರಕನಿಗೆ ಪತ್ರಿಕೆ ಕಳಿಸಿದರೆ ಪೂರ್ತಿ ಉಚಿತ. ಹಾಗಾಗಿ ಫಿಲಡೆಲ್ಫಿಯಾದಲ್ಲಿ ಅಚ್ಚಾದ ಬೈಗುಳ ಕೆಲವೇ ವಾರಗಳಲ್ಲಿ ಹಳ್ಳಿ ಪತ್ರಿಕೆಗಳಲ್ಲಿ ಹಾಗೇ ಮರುಮುದ್ರಣ ಆಗುತ್ತಿತ್ತು. ಪಕ್ಷದ ಜಾಲ ಹಬ್ಬಿದ್ದು ಈ ಅಂಚೆ ಚೀಲದಲ್ಲೇ.

1790ರ ದಶಕದ ಜಗಳ ಎಷ್ಟು ಕೆಟ್ಟದಾಗಿತ್ತು ಅಂದರೆ ಇವತ್ತಿನ ಟಿವಿ ಚರ್ಚೆಗಳು ಅದರ ಮುಂದೆ ಸಪ್ಪೆ. ಬೆಂಜಮಿನ್ ಫ್ರಾಂಕ್ಲಿನ್ ಅವರ ಮೊಮ್ಮಗ ಬೆಂಜಮಿನ್ ಫ್ರಾಂಕ್ಲಿನ್ ಬೇಚ್, ಫಿಲಡೆಲ್ಫಿಯಾದ 'ಅರೋರಾ' ಪತ್ರಿಕೆಯಲ್ಲಿ ವಾಷಿಂಗ್ಟನ್‌ರನ್ನೇ ಮೋಸಗಾರ ಅನ್ನೋ ಮಟ್ಟಕ್ಕೆ ಬರೆಯುತ್ತಿದ್ದರು. 1795ರಲ್ಲಿ ಬ್ರಿಟನ್ ಜೊತೆಗಿನ ಜೇ ಒಪ್ಪಂದವನ್ನು ಸೆನೆಟ್ ಗುಟ್ಟಾಗಿ ಇಟ್ಟಿತ್ತು. ಸೆನೆಟರ್ ಒಬ್ಬರು ಕೊಟ್ಟ ಪ್ರತಿಯನ್ನು ಬೇಚ್ ಅಚ್ಚು ಹಾಕಿ ಬೀದಿಗೆ ತಂದರು. ಪಕ್ಷಪಾತಿ ಹೌದು, ಆದರೆ ಜನರಿಗೆ ತಿಳಿಯಲೇಬೇಕಾದ ವಿಷಯವನ್ನು ತಿಳಿಸಿದವರೂ ಅವರೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆಯೂ ಬರುತ್ತದೆ.

ಅಧಿಕಾರದಲ್ಲಿದ್ದ ಹ್ಯಾಮಿಲ್ಟನ್ ಬಣ, ಅಂದರೆ ಫೆಡರಲಿಸ್ಟ್ ಪಕ್ಷ, 1798ರ ಜುಲೈನಲ್ಲಿ ರಾಜದ್ರೋಹ ಕಾಯ್ದೆ ತಂದಿತು. ಸರ್ಕಾರ, ಸಂಸತ್ತು ಅಥವಾ ಅಧ್ಯಕ್ಷರ ವಿರುದ್ಧ ಕೆಟ್ಟ ಉದ್ದೇಶದಿಂದ ಸುಳ್ಳು ಬರೆದರೆ ಎರಡು ಸಾವಿರ ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು. ಈ ಪಟ್ಟಿಯಲ್ಲಿ ಉಪಾಧ್ಯಕ್ಷರ ಹೆಸರು ಇರಲಿಲ್ಲ. ಯಾಕಂದ್ರೆ ಆಗ ಉಪಾಧ್ಯಕ್ಷರಾಗಿದ್ದವರು ವಿರೋಧಿ ಬಣದ ಜೆಫರ್ಸನ್. ಅವರನ್ನು ಎಷ್ಟು ಬೇಕಾದರೂ ಬೈಯಬಹುದಿತ್ತು! ಕಾಯ್ದೆಯ ಆಯಸ್ಸನ್ನೂ 1801ರ ಮಾರ್ಚ್ 3ಕ್ಕೆ ಮುಗಿಯುವಂತೆ ಬರೆದಿದ್ದರು, ಅಂದರೆ ಮುಂದಿನ ಅಧ್ಯಕ್ಷರು ಬರುವ ಹಿಂದಿನ ದಿನಕ್ಕೆ. ಅಡಿಯಿಂದ ಮುಡಿಯವರೆಗೆ ಲೆಕ್ಕಾಚಾರ.

ಈ ಕಾಯ್ದೆಯಲ್ಲಿ ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್‌ಗೆ ನಾಲ್ಕು ತಿಂಗಳು ಜೈಲು, ಸಾವಿರ ಡಾಲರ್ ದಂಡ ಆಯಿತು. ಅವರು ಜೈಲಿನಲ್ಲಿ ಕೂತೇ ಚುನಾವಣೆ ಗೆದ್ದರು. ಬೇಚ್ ಬಂಧನ ಕಾಯ್ದೆ ಬರುವ ಮೊದಲೇ ಆಗಿತ್ತು. ವಿಚಾರಣೆ ನಡೆಯಲೇ ಇಲ್ಲ. 1798ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಹಬ್ಬಿದ್ದ ಹಳದಿ ಜ್ವರಕ್ಕೆ ಬೇಚ್ ತೀರಿಕೊಂಡರು, ವಯಸ್ಸು 29. ಕೆಲವೇ ದಿನಗಳಲ್ಲಿ ಅದೇ ಊರಲ್ಲಿ, ಅದೇ ಜ್ವರಕ್ಕೆ ಎದುರಾಳಿ ಜಾನ್ ಫೆನ್ನೊ ಕೂಡ ಹೋದರು.

ಈ ಕಾಲದ ಒಬ್ಬ ಬರಹಗಾರನ ಕಥೆ ಮಾತ್ರ ಸ್ವಲ್ಪ ವಿವರವಾಗಿ ಹೇಳಲೇಬೇಕು. ಹೆಸರು ಜೇಮ್ಸ್ ಕ್ಯಾಲೆಂಡರ್. ಸ್ಕಾಟ್ಲೆಂಡಿನಿಂದ ಓಡಿಬಂದವನು, ಕುಡುಕ, ಭಯಂಕರ ಲೇಖನಿ. 1797ರಲ್ಲಿ ಹ್ಯಾಮಿಲ್ಟನ್‌ಗೆ ಒಬ್ಬ ವಿವಾಹಿತ ಮಹಿಳೆಯ ಜೊತೆಗಿದ್ದ ಸಂಬಂಧವನ್ನು ಬಯಲಿಗೆಳೆದ. ಜೆಫರ್ಸನ್‌ಗೆ ಖುಷಿಯಾಯಿತು, ಆಗಾಗ ದುಡ್ಡು ಕಳಿಸಿದರು. 1800ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ವಿರುದ್ಧ ಬರೆದಿದ್ದಕ್ಕೆ ಕ್ಯಾಲೆಂಡರ್ ಒಂಬತ್ತು ತಿಂಗಳು ಜೈಲಿಗೆ ಹೋದ. ಜೆಫರ್ಸನ್ ಅಧ್ಯಕ್ಷರಾದ ಮೇಲೆ ಅವನಿಗೆ ಕ್ಷಮಾದಾನ ಕೊಟ್ಟರು. ಅವನಿಗೆ ಅಷ್ಟು ಸಾಲದು. ಇಷ್ಟು ಕಷ್ಟಪಟ್ಟಿದ್ದೇನೆ, ರಿಚ್ಮಂಡ್ ಊರಿನ ಪೋಸ್ಟ್‌ಮಾಸ್ಟರ್ ಕೆಲಸ ಕೊಡಿ ಅಂದ. ಕೊಡಲಿಲ್ಲ. ಕ್ಯಾಲೆಂಡರ್ ರಾತ್ರೋರಾತ್ರಿ ಪಕ್ಷ ಬದಲಿಸಿದ. 1802ರ ಸೆಪ್ಟೆಂಬರ್‌ನಲ್ಲಿ ಫೆಡರಲಿಸ್ಟರ ಪರವಾದ 'ರಿಚ್ಮಂಡ್ ರೆಕಾರ್ಡರ್' ಪತ್ರಿಕೆಯಲ್ಲಿ, ಜೆಫರ್ಸನ್‌ಗೆ ತಮ್ಮ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳಿಂದ ಮಕ್ಕಳಿದ್ದಾರೆ ಅಂತ ಬರೆದ. ಮರುವರ್ಷ ಜೇಮ್ಸ್ ನದಿಯಲ್ಲಿ ಮುಳುಗಿ ಸತ್ತ.

ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ದೊಡ್ಡ ಇತಿಹಾಸಕಾರರು ಇದನ್ನು ಹೊಟ್ಟೆಕಿಚ್ಚಿನ ಕುಡುಕನ ಸುಳ್ಳು ಅಂತ ಪಕ್ಕಕ್ಕಿಟ್ಟರು. 1998ರ ಡಿಎನ್ಎ ಪರೀಕ್ಷೆ ಅವರ ಬಾಯಿ ಮುಚ್ಚಿಸಿತು. ಪರೀಕ್ಷೆಯೊಂದೇ ಎಲ್ಲವನ್ನೂ ಸಾಬೀತು ಮಾಡಲಿಲ್ಲ, ಆದರೆ ದಾಖಲೆಗಳ ಜೊತೆ ಸೇರಿಸಿ ನೋಡಿದ ಮೇಲೆ ಇವತ್ತು ಹೆಚ್ಚಿನ ಇತಿಹಾಸಕಾರರು ಇದನ್ನು ಒಪ್ಪುತ್ತಾರೆ. ಬರೆದವನ ಉದ್ದೇಶ ಕೊಳಕಾಗಿತ್ತು. ಬರೆದ ಮುಖ್ಯ ವಿಷಯ ನಿಜವಾಗಿತ್ತು. ಪಕ್ಷಪಾತಿ ಬರಹವನ್ನು ಅಳೆಯುವುದು ಯಾಕೆ ಕಷ್ಟ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಾಲಕ್ಕೆ ಈ ವ್ಯವಸ್ಥೆ ಪೂರ್ತಿ ಬಲಿಯಿತು. 1828ರ ಚುನಾವಣೆಯಲ್ಲಿ ವಿರೋಧಿ ಪತ್ರಿಕೆಗಳು ಅವರ ಹೆಂಡತಿ ರೇಚಲ್‌ರ ಬೆನ್ನು ಬಿದ್ದವು. ಮೊದಲ ಗಂಡನಿಂದ ವಿಚ್ಛೇದನ ಪೂರ್ತಿಯಾಗುವ ಮೊದಲೇ ಜಾಕ್ಸನ್‌ರನ್ನು ಮದುವೆಯಾಗಿದ್ದಾರೆ ಅನ್ನೋದು ಆರೋಪ. ಜಾಕ್ಸನ್ ಗೆದ್ದರು. ಅಧಿಕಾರ ವಹಿಸಿಕೊಳ್ಳುವ ಮೊದಲೇ, ಆ ಡಿಸೆಂಬರ್‌ನಲ್ಲಿ ರೇಚಲ್ ತೀರಿಹೋದರು. ಅವರನ್ನು ಕೊಂದಿದ್ದು ಈ ಅಪಪ್ರಚಾರವೇ ಅಂತ ಜಾಕ್ಸನ್ ಕೊನೆವರೆಗೂ ನಂಬಿದ್ದರು. ಹಾಗಂತ ಪಕ್ಷದ ಪತ್ರಿಕೆಗಳನ್ನು ದೂರ ಇಟ್ಟರಾ? ಇಲ್ಲ. 1830ರಲ್ಲಿ ಕೆಂಟಕಿಯಿಂದ ಫ್ರಾನ್ಸಿಸ್ ಬ್ಲೇರ್‌ರನ್ನು ಕರೆಸಿ 'ವಾಷಿಂಗ್ಟನ್ ಗ್ಲೋಬ್' ಶುರು ಮಾಡಿಸಿದರು. ಸರ್ಕಾರಿ ಹುದ್ದೆಯಲ್ಲಿದ್ದವರ ಮೇಲೆ ಚಂದಾದಾರರಾಗುವಂತೆ ಒತ್ತಡ ಇತ್ತು. ಸರ್ಕಾರದ ಮುದ್ರಣದ ಗುತ್ತಿಗೆಯೂ ಅಲ್ಲಿಗೇ ಹೋಯಿತು. ಊರೂರಿನ ಬೆಂಬಲಿಗ ಸಂಪಾದಕರಿಗೆ ಸರ್ಕಾರಿ ಕೆಲಸ ಸಿಕ್ಕಿತು. ಹಳೆಯ ಸಂಪಾದಕ ಏಮಸ್ ಕೆಂಡಾಲ್ 1835ರಲ್ಲಿ ಇಡೀ ದೇಶದ ಅಂಚೆ ಮುಖ್ಯಸ್ಥರೇ ಆದರು.

ಹಾಗಾದರೆ ತಟಸ್ಥತೆ ಎಲ್ಲಿಂದ ಬಂತು? ಇಲ್ಲೂ ದುಡ್ಡೇ. 1833ರಲ್ಲಿ ಬೆಂಜಮಿನ್ ಡೇ ನ್ಯೂಯಾರ್ಕಿನಲ್ಲಿ 'ದಿ ಸನ್' ಪತ್ರಿಕೆಯನ್ನು ಒಂದು ಸೆಂಟಿಗೆ ಮಾರತೊಡಗಿದರು. ಬೇರೆ ಪತ್ರಿಕೆಗಳ ಬೆಲೆ ಆರು ಸೆಂಟ್. ಲಾಭ ಬರಬೇಕಾದರೆ ಎಲ್ಲ ಪಕ್ಷದವರೂ ಕೊಳ್ಳಬೇಕು, ಆಗ ಜಾಹೀರಾತು ಬರುತ್ತದೆ. ಒಂದು ಪಕ್ಷದ ಪರ ಕೂಗಿದರೆ ಅರ್ಧ ಗಿರಾಕಿ ಕೈತಪ್ಪುತ್ತಾರೆ. ಹಾಗಾಗಿ ಪಕ್ಷದ ಭಾಷಣದ ಬದಲು ಕೊಲೆ, ಕೋರ್ಟು, ಬೆಂಕಿ ಅನಾಹುತ. (ಪಕ್ಷ ಬಿಟ್ಟರೆ ಸತ್ಯ ತಾನಾಗಿ ಬರುತ್ತೆ ಅಂದುಕೊಳ್ಳಬೇಡಿ. ಇದೇ 'ಸನ್' 1835ರಲ್ಲಿ ಚಂದ್ರನ ಮೇಲೆ ರೆಕ್ಕೆಯ ಮನುಷ್ಯರು ಕಂಡಿದ್ದಾರೆ ಅಂತ ಸರಣಿಯಾಗಿ ಬರೆದು ಭರ್ಜರಿ ವ್ಯಾಪಾರ ಮಾಡಿತು.)

1846ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಅನ್ನುವ ಸುದ್ದಿ ಸಂಸ್ಥೆ ಬಂತು. ಎಲ್ಲ ಪಕ್ಷದ ಪತ್ರಿಕೆಗಳಿಗೂ ಒಂದೇ ಸುದ್ದಿ ಮಾರಬೇಕಲ್ಲ, ಹಾಗಾಗಿ ಬಣ್ಣವಿಲ್ಲದ ಬರಹ. 1861ರ ಮಾರ್ಚ್‌ನಲ್ಲಿ ಸರ್ಕಾರ ತನ್ನದೇ ಮುದ್ರಣಾಲಯ ತೆರೆಯಿತು. ರಾಜಧಾನಿಯ ಪಕ್ಷ ಪತ್ರಿಕೆಗಳ ಗುತ್ತಿಗೆ ಹಣ ನಿಂತಿತು.

ಆದರೂ ಪತ್ರಿಕೆಗಳು ಒಂದೇ ದಿನದಲ್ಲಿ ಸಾಧುಗಳಾಗಲಿಲ್ಲ. 'ನ್ಯೂಯಾರ್ಕ್ ಟೈಮ್ಸ್' ಸ್ಥಾಪಿಸಿದ ಹೆನ್ರಿ ರೇಮಂಡ್ 1864ರಲ್ಲಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾಗಿದ್ದರು. 'ನ್ಯೂಯಾರ್ಕ್ ಟ್ರಿಬ್ಯೂನ್' ಸಂಪಾದಕ ಹೊರೇಸ್ ಗ್ರೀಲಿ 1872ರಲ್ಲಿ ತಾವೇ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. 1920ರ ಅಧ್ಯಕ್ಷೀಯ ಚುನಾವಣೆಯ ಎರಡೂ ಮುಖ್ಯ ಅಭ್ಯರ್ಥಿಗಳು, ವಾರನ್ ಹಾರ್ಡಿಂಗ್ ಮತ್ತು ಜೇಮ್ಸ್ ಕಾಕ್ಸ್, ಓಹಾಯೊದ ಪತ್ರಿಕಾ ಮಾಲೀಕರು. ಸಂಪಾದಕರ ಸಂಘ ನಿಷ್ಪಕ್ಷಪಾತವನ್ನು ತನ್ನ ನೀತಿಸಂಹಿತೆಯಲ್ಲಿ ಬರೆದುಕೊಂಡಿದ್ದು 1923ರಲ್ಲಿ. ನೀವು ಯಾವುದನ್ನು ಹಳೇ ಒಳ್ಳೇ ಕಾಲ ಅಂದುಕೊಂಡಿದ್ದೀರೋ ಅದರ ವಯಸ್ಸು ಇಷ್ಟೇ.

ಈಗ ನಿಮ್ಮ 1987ಕ್ಕೆ ಬರೋಣ. ಆ ನಿಯಮದ ಹೆಸರು ಫೇರ್‌ನೆಸ್ ಡಾಕ್ಟ್ರಿನ್. ರೇಡಿಯೊ, ಟಿವಿ ಕೇಂದ್ರಗಳಿಗೆ ಲೈಸೆನ್ಸ್ ಕೊಡುವ ಎಫ್‌ಸಿಸಿ ಅನ್ನುವ ಆಯೋಗ ಇದನ್ನು 1949ರಲ್ಲಿ ತಂದಿತು. ಗಾಳಿಯಲ್ಲಿ ತರಂಗಗಳ ಸಂಖ್ಯೆ ಸೀಮಿತ, ಅವು ಜನರ ಸ್ವತ್ತು. ಹಾಗಾಗಿ ಲೈಸೆನ್ಸ್ ಪಡೆದವರು ಸಾರ್ವಜನಿಕ ಮಹತ್ವದ ವಿವಾದಗಳ ಬಗ್ಗೆ ಕಾರ್ಯಕ್ರಮ ಮಾಡಬೇಕು, ಮಾಡುವಾಗ ಬೇರೆ ಬೇರೆ ಅಭಿಪ್ರಾಯಗಳಿಗೆ ಜಾಗ ಕೊಡಬೇಕು. ಸಮಾನ ಸಮಯ ಕೊಡಿ ಅಂತ ಅದು ಹೇಳಲಿಲ್ಲ. ಜನ ಇಲ್ಲಿ ಎಡವುತ್ತಾರೆ. ಅಭ್ಯರ್ಥಿಗಳಿಗೆ ಸಮಾನ ಸಮಯ ಅನ್ನೋದು ಬೇರೆಯೇ ಕಾನೂನು.

ಈ ನಿಯಮದಿಂದ ಒಳ್ಳೆಯದೂ ಆಯಿತು. ಮಿಸಿಸಿಪ್ಪಿಯ ಜಾಕ್ಸನ್ ಊರಿನಲ್ಲಿ ಡಬ್ಲ್ಯುಎಲ್‌ಬಿಟಿ ಅನ್ನುವ ಟಿವಿ ಕೇಂದ್ರ ಇತ್ತು. ಬಿಳಿಯರ ಪ್ರತ್ಯೇಕತೆಯ ಪರ ಅದರ ನಿಲುವು. 1955ರಲ್ಲಿ ಕಪ್ಪು ಜನರ ಹಕ್ಕಿನ ವಕೀಲ ಥರ್ಗುಡ್ ಮಾರ್ಷಲ್ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಾಗ ಈ ಕೇಂದ್ರ ಪರದೆ ಮೇಲೆ ಒಂದು ಬೋರ್ಡು ಹಾಕಿತು: ಕ್ಷಮಿಸಿ, ಕೇಬಲ್ ತೊಂದರೆ. ಕೇಬಲ್‌ಗೆ ಏನೂ ಆಗಿರಲಿಲ್ಲ. ಒಂದು ಚರ್ಚ್ ಸಂಸ್ಥೆ ಮತ್ತು ಊರಿನ ಕಪ್ಪು ನಾಗರಿಕರು ವರ್ಷಗಟ್ಟಲೆ ಹೋರಾಡಿದರು. 1966ರಲ್ಲಿ ಮೇಲ್ಮನವಿ ನ್ಯಾಯಾಲಯ, ಲೈಸೆನ್ಸ್ ವಿಚಾರದಲ್ಲಿ ಮಾತಾಡಲು ನೋಡುಗರಿಗೂ ಹಕ್ಕಿದೆ ಅಂದಿತು. 1969ರಲ್ಲಿ ಕೇಂದ್ರ ಲೈಸೆನ್ಸ್ ಕಳೆದುಕೊಂಡಿತು.

ಅದೇ 1969ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಇನ್ನೊಂದು ಪ್ರಕರಣ ಈ ನಿಯಮದ ಮತ್ತೊಂದು ಮುಖ ತೋರಿಸುತ್ತದೆ. ಪೆನ್ಸಿಲ್ವೇನಿಯಾದ ರೆಡ್ ಲಯನ್ ಅನ್ನುವ ಸಣ್ಣ ಊರಿನ ರೇಡಿಯೊ ಕೇಂದ್ರ. 1964ರಲ್ಲಿ ಪಾದ್ರಿ ಬಿಲ್ಲಿ ಜೇಮ್ಸ್ ಹಾರ್ಗಿಸ್ ಹದಿನೈದು ನಿಮಿಷದ ಕಾರ್ಯಕ್ರಮದಲ್ಲಿ ಪತ್ರಕರ್ತ ಫ್ರೆಡ್ ಕುಕ್ ಮೇಲೆ ಹರಿಹಾಯ್ದರು. ಆ ಹದಿನೈದು ನಿಮಿಷಕ್ಕೆ ಪಾದ್ರಿ ಕೊಟ್ಟಿದ್ದು 7.50 ಡಾಲರ್. ಕುಕ್ ತನಗೆ ಉತ್ತರ ಕೊಡಲು ಪುಕ್ಕಟೆ ಸಮಯ ಬೇಕು ಅಂದರು. ಕೇಂದ್ರ ದುಡ್ಡು ಕೊಡಿ ಅಂದಿತು. ಕೋರ್ಟು ಒಮ್ಮತದಿಂದ ಕುಕ್ ಪರ ತೀರ್ಪು ಕೊಟ್ಟಿತು. ತೀರ್ಪಿನ ಪ್ರಕಾರ, ಕೇಂದ್ರದ ಹಕ್ಕಿಗಿಂತ ಕೇಳುಗರ ಹಕ್ಕು ದೊಡ್ಡದು.

ಕೇಳೋಕೆ ಚೆನ್ನಾಗಿದೆ ಅಲ್ವಾ? ಆರೇ ವರ್ಷದಲ್ಲಿ ಇದರ ಒಳಕಥೆ ಹೊರಬಿತ್ತು. ಸಿಬಿಎಸ್ ನ್ಯೂಸ್‌ನ ಮಾಜಿ ಮುಖ್ಯಸ್ಥ ಫ್ರೆಡ್ ಫ್ರೆಂಡ್ಲಿ 1975ರಲ್ಲಿ ಬಯಲು ಮಾಡಿದ ಪ್ರಕಾರ, ಕುಕ್ ಹಿಂದೆ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿ ಇತ್ತು. ಬಲಪಂಥೀಯ ರೇಡಿಯೊ ಕೇಂದ್ರಗಳಿಗೆ ಈ ನಿಯಮದಡಿ ದೂರಿನ ಮೇಲೆ ದೂರು ಹಾಕಿಸಿ ಸುಸ್ತು ಮಾಡುವುದು ಅಧ್ಯಕ್ಷರಾದ ಕೆನಡಿ, ಜಾನ್ಸನ್ ಕಾಲದ ಪಕ್ಷದವರ ಯೋಜನೆಯಾಗಿತ್ತು. ಬಡಪಾಯಿ ಕೇಂದ್ರಗಳು ವಕೀಲರ ಖರ್ಚಿಗೆ ಹೆದರಿ ಇಂಥ ಕಾರ್ಯಕ್ರಮಗಳನ್ನೇ ನಿಲ್ಲಿಸಲಿ ಅನ್ನೋದು ಲೆಕ್ಕ. ಮುಂದೆ ಬಂದ ರಿಚರ್ಡ್ ನಿಕ್ಸನ್ ಬೇರೆ ದಾರಿ ಹಿಡಿದರು. ವಾಟರ್‌ಗೇಟ್ ಹಗರಣದ ವರದಿ ಮಾಡುತ್ತಿದ್ದ 'ವಾಷಿಂಗ್ಟನ್ ಪೋಸ್ಟ್' ಕಂಪನಿಯ ಟಿವಿ ಲೈಸೆನ್ಸ್‌ಗಳಿಗೆ ತೊಂದರೆ ಕಾದಿದೆ ಅಂತ ಅವರು ಮಾತಾಡಿದ್ದು ಅವರದೇ ಟೇಪಿನಲ್ಲಿದೆ. ನ್ಯಾಯದ ಹೆಸರಿನ ನಿಯಮ ಇರಲಿ, ಲೈಸೆನ್ಸ್ ಇರಲಿ, ಅದು ಅಧಿಕಾರದಲ್ಲಿರುವವರ ಕೈಯಲ್ಲೇ ಇರುತ್ತದೆ. ಇದನ್ನು ಮರೆತು ಫೇರ್‌ನೆಸ್ ಡಾಕ್ಟ್ರಿನ್ ಬಗ್ಗೆ ಕಣ್ಣೀರು ಹಾಕುವ ಲೇಖನಗಳನ್ನು ಓದಿದಾಗ ನನಗೆ ಸ್ವಲ್ಪ ಕಿರಿಕಿರಿಯಾಗುತ್ತದೆ.

1987ರ ಆಗಸ್ಟ್‌ನಲ್ಲಿ ಎಫ್‌ಸಿಸಿ ನಿಯಮ ಕೈಬಿಟ್ಟಿತು. ಅದಕ್ಕೆ ಎರಡು ತಿಂಗಳು ಮೊದಲು ಸಂಸತ್ತು ಅದನ್ನು ಕಾನೂನಾಗಿ ಮಾಡಲು ಮಸೂದೆ ಪಾಸು ಮಾಡಿತ್ತು. ಅಧ್ಯಕ್ಷ ರೊನಾಲ್ಡ್ ರೇಗನ್ ಅದನ್ನು ತಡೆದರು. ಮಜಾ ಏನೆಂದರೆ ಆ ಮಸೂದೆಗೆ ಬೆಂಬಲ ಕೊಟ್ಟವರಲ್ಲಿ ನ್ಯೂಟ್ ಗಿಂಗ್ರಿಚ್, ಫಿಲಿಸ್ ಶ್ಲಾಫ್ಲಿಯಂಥ ಕಟ್ಟಾ ಬಲಪಂಥೀಯರೂ ಇದ್ದರು. ಮಾಧ್ಯಮವೆಲ್ಲ ಎಡಪಂಥೀಯರ ಕೈಯಲ್ಲಿದೆ, ಈ ನಿಯಮ ಇಲ್ಲದಿದ್ದರೆ ನಮ್ಮ ದನಿಯೇ ಕೇಳಿಸಲ್ಲ ಅನ್ನೋದು ಅವರ ಭಯ. ಮರುವರ್ಷ ಏನಾಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ.

1988ರ ಆಗಸ್ಟ್ 1ರಂದು ಬಲಪಂಥೀಯ ನಿರೂಪಕ ರಶ್ ಲಿಂಬಾ ಅವರ ರೇಡಿಯೊ ಕಾರ್ಯಕ್ರಮ ದೇಶದಾದ್ಯಂತ ಶುರುವಾಯಿತು. ದಿನಕ್ಕೆ ಮೂರು ಗಂಟೆ, ಒಬ್ಬನೇ ಮನುಷ್ಯ, ಎದುರು ವಾದಕ್ಕೆ ಜಾಗವಿಲ್ಲ. ಹಳೆಯ ನಿಯಮ ಇದ್ದಿದ್ದರೆ ಪ್ರತಿ ಕೇಂದ್ರಕ್ಕೂ ಇದು ದೂರಿನ ಭಯ ತರುತ್ತಿತ್ತು. ನಿಮಗೆ ಅರ್ಧ ಹೌದು ಅಂದಿದ್ದು ಇದಕ್ಕೇ. ಇನ್ನರ್ಧ ಏನು? ಲಿಂಬಾ 1984ರಿಂದಲೇ, ಅಂದರೆ ನಿಯಮ ಜಾರಿಯಲ್ಲಿದ್ದಾಗಲೇ, ಸ್ಯಾಕ್ರಮೆಂಟೊದಲ್ಲಿ ಇದೇ ಧಾಟಿಯಲ್ಲಿ ಮಾತಾಡುತ್ತಿದ್ದರು. ದೇಶಕ್ಕೆಲ್ಲ ಹಬ್ಬಲು ನಿಯಮದ ಸಾವೊಂದೇ ಸಾಕಾಗುತ್ತಿರಲಿಲ್ಲ. 1970ರ ದಶಕದ ಕೊನೆಗೆ ಹಾಡು ಕೇಳುವವರೆಲ್ಲ ಎಎಂ ರೇಡಿಯೊ ಬಿಟ್ಟು ಸ್ಪಷ್ಟ ದನಿಯ ಎಫ್‌ಎಂಗೆ ಹೋಗಿದ್ದರು. ಎಎಂ ಕೇಂದ್ರಗಳು ಖಾಲಿ ಹೊಡೆಯುತ್ತಿದ್ದವು. ಮಾತಿಗೆ ಎಎಂ ಗುಣಮಟ್ಟ ಸಾಕು. ಉಪಗ್ರಹದ ಮೂಲಕ ಒಂದೇ ಕಾರ್ಯಕ್ರಮವನ್ನು ಎಲ್ಲ ಕಡೆ ಕಳಿಸುವುದು ಅಗ್ಗವಾಗಿತ್ತು. ಲಿಂಬಾ ಕಂಪನಿ ಕೇಂದ್ರಗಳಿಗೆ ಕಾರ್ಯಕ್ರಮವನ್ನು ಪುಕ್ಕಟೆ ಕೊಟ್ಟಿತು, ಬದಲಿಗೆ ಕೆಲವು ನಿಮಿಷದ ಜಾಹೀರಾತು ಜಾಗ ತೆಗೆದುಕೊಂಡಿತು. ದಿವಾಳಿ ಅಂಚಿನ ಕೇಂದ್ರಕ್ಕೆ ಪುಕ್ಕಟೆ ಮೂರು ಗಂಟೆ ಸಿಕ್ಕರೆ ಯಾರು ಬೇಡ ಅಂತಾರೆ? ಮುಂದೆ 600ಕ್ಕೂ ಹೆಚ್ಚು ಕೇಂದ್ರಗಳು ಸೇರಿಕೊಂಡವು.

1994ರಲ್ಲಿ ರಿಪಬ್ಲಿಕನ್ನರು ನಲವತ್ತು ವರ್ಷದ ನಂತರ ಕೆಳಮನೆ ಗೆದ್ದಾಗ ಹೊಸ ಸಂಸದರು ಲಿಂಬಾರನ್ನು ಗೌರವ ಸದಸ್ಯ ಅಂತ ಕರೆದರು. ಇಲ್ಲೊಂದು ವ್ಯತ್ಯಾಸ ನೋಡಿ. ಫ್ರೆನೊ, ಬ್ಲೇರ್ ಕಾಲದಲ್ಲಿ ಪಕ್ಷ ಸಂಪಾದಕನನ್ನು ಸಾಕುತ್ತಿತ್ತು. ಈಗ ಕೇಳುಗರು ಸಾಕುವ ನಿರೂಪಕನ ಮುಂದೆ ಪಕ್ಷದವರು ಕೈಕಟ್ಟಿ ನಿಂತರು.

ಎಡಪಂಥೀಯರೂ ಇದನ್ನು ಪ್ರಯತ್ನಿಸಿದರು. 2004ರ ಮಾರ್ಚ್‌ನಲ್ಲಿ ಏರ್ ಅಮೆರಿಕ ರೇಡಿಯೊ ಶುರುವಾಯಿತು, 2006ರಲ್ಲಿ ದಿವಾಳಿ ಅರ್ಜಿ ಹಾಕಿತು, 2010ರಲ್ಲಿ ಬಾಗಿಲು ಹಾಕಿತು.

ಟಿವಿ ಕಥೆ ಬೇರೆ. ಫಾಕ್ಸ್ ನ್ಯೂಸ್ ಹುಟ್ಟಿದ್ದೇ 1987ರ ನಿರ್ಧಾರದಿಂದ ಅಂತ ಎಷ್ಟೋ ಜನ ಬರೆಯುತ್ತಾರೆ. ತಪ್ಪು. ಫೇರ್‌ನೆಸ್ ಡಾಕ್ಟ್ರಿನ್ ಇದ್ದದ್ದು ಗಾಳಿಯ ತರಂಗ ಬಳಸುವ ಕೇಂದ್ರಗಳಿಗೆ. ಫಾಕ್ಸ್, ಸಿಎನ್ಎನ್, ಎಂಎಸ್‌ಎನ್‌ಬಿಸಿ ಎಲ್ಲ ಕೇಬಲ್ ಚಾನೆಲ್‌ಗಳು. 1996ರ ಅಕ್ಟೋಬರ್ 7ರಂದು ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡಾಕ್ ದುಡ್ಡು ಹಾಕಿ, ಒಂದು ಕಾಲದಲ್ಲಿ ನಿಕ್ಸನ್‌ಗೆ ಟಿವಿ ಸಲಹೆಗಾರರಾಗಿದ್ದ ರೋಜರ್ ಐಲ್ಸ್ ಕೈಗೆ ಕೊಟ್ಟು ಫಾಕ್ಸ್ ನ್ಯೂಸ್ ಶುರು ಮಾಡಿದರು. ಆಗ ಚಾನೆಲ್‌ಗಳು ಕೇಬಲ್ ಕಂಪನಿಗಳಿಂದ ದುಡ್ಡು ಪಡೆಯುತ್ತಿದ್ದವು. ಮರ್ಡಾಕ್ ಉಲ್ಟಾ ಮಾಡಿದರು, ತಮ್ಮ ಚಾನೆಲ್ ಹಾಕಿದ ಕಂಪನಿಗಳಿಗೆ ತಾವೇ ದುಡ್ಡು ಕೊಟ್ಟರು. ಚಾನೆಲ್ ಎಲ್ಲ ಊರಿಗೂ ಒಂದೇ ಸಲ ಬರಲಿಲ್ಲವಾದ್ದರಿಂದ ಅರ್ಥಶಾಸ್ತ್ರಜ್ಞರಿಗೆ ಅಳೆಯಲು ಅವಕಾಶ ಸಿಕ್ಕಿತು. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಈಥನ್ ಕಪ್ಲಾನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫಾಕ್ಸ್ ಬಂದ ಊರುಗಳಲ್ಲಿ 1996 ಮತ್ತು 2000ದ ನಡುವೆ ರಿಪಬ್ಲಿಕನ್ ಅಧ್ಯಕ್ಷೀಯ ಮತ 0.4ರಿಂದ 0.7 ಶೇಕಡಾ ಅಂಶ ಜಾಸ್ತಿಯಾಯಿತು. ಪುಟ್ಟ ಸಂಖ್ಯೆ. ಆದರೆ 2000ದ ಚುನಾವಣೆ ಫ್ಲೋರಿಡಾದಲ್ಲಿ ಕೇವಲ 537 ಮತಗಳಲ್ಲಿ ತೀರ್ಮಾನವಾಯಿತು ಅನ್ನೋದನ್ನು ಮರೆಯಬೇಡಿ.

ಅಂದಹಾಗೆ, ಮರ್ಡಾಕ್ ಕೈಯಲ್ಲಿರುವ 'ನ್ಯೂಯಾರ್ಕ್ ಪೋಸ್ಟ್' ಪತ್ರಿಕೆಯನ್ನು 1801ರಲ್ಲಿ ಸ್ಥಾಪಿಸಿದವರು ಯಾರು ಗೊತ್ತೇ? ಹ್ಯಾಮಿಲ್ಟನ್.

ಎಂಎಸ್‌ಎನ್‌ಬಿಸಿ ಎಡಕ್ಕೆ ತಿರುಗಿದ್ದು ಸಿದ್ಧಾಂತಕ್ಕಾಗಿ ಅಂತ ನನಗನಿಸಲ್ಲ. 2003ರ ಫೆಬ್ರುವರಿಯಲ್ಲಿ, ಇರಾಕ್ ಯುದ್ಧಕ್ಕೆ ಮೊದಲು, ಯುದ್ಧವನ್ನು ವಿರೋಧಿಸುತ್ತಿದ್ದ ಫಿಲ್ ಡೊನಾಹ್ಯೂ ಕಾರ್ಯಕ್ರಮವನ್ನು ಅದೇ ಚಾನೆಲ್ ನಿಲ್ಲಿಸಿತು. ಆಗ ಚಾನೆಲ್‌ನಲ್ಲಿ ಅತಿ ಹೆಚ್ಚು ಜನ ನೋಡುತ್ತಿದ್ದ ಕಾರ್ಯಕ್ರಮ ಅದು. ಯುದ್ಧದ ಕಾಲದಲ್ಲಿ ಇಂಥ ಮುಖ ಚಾನೆಲ್‌ಗೆ ಮುಜುಗರ ಅಂತ ಒಳಗಿನ ವರದಿ ಹೇಳಿತ್ತು. ಕೆಲವೇ ವರ್ಷದಲ್ಲಿ ಯುದ್ಧದ ಬಗ್ಗೆ ಜನರ ಮನಸ್ಸು ಬದಲಾಯಿತು. ಆಗ ಚಾನೆಲ್ ಸಂಜೆಯ ಹೊತ್ತನ್ನೆಲ್ಲ ಅಧ್ಯಕ್ಷ ಬುಷ್ ವಿರೋಧಿಗಳಿಗೆ ಕೊಟ್ಟಿತು. 2025ರ ನವೆಂಬರ್‌ನಿಂದ ಅದರ ಹೆಸರು ಎಂಎಸ್ ನೌ.

ನೋಡುಗರೇ ದುಡ್ಡಿನ ಮೂಲವಾದರೆ ಏನಾಗುತ್ತದೆ ಅನ್ನೋದಕ್ಕೆ 2020ರ ಚುನಾವಣೆಯ ರಾತ್ರಿ ನೋಡಿ. ಅರಿಜೋನಾ ರಾಜ್ಯ ಬೈಡನ್ ಪಾಲಾಯಿತು ಅಂತ ಫಾಕ್ಸ್ ನ್ಯೂಸ್ ಎಲ್ಲರಿಗಿಂತ ಮೊದಲು ಘೋಷಿಸಿತು. ಘೋಷಣೆ ಸರಿಯಾಗಿಯೇ ಇತ್ತು. ನೋಡುಗರು ಮಾತ್ರ ಸಿಟ್ಟಿಗೆದ್ದು ನ್ಯೂಸ್‌ಮ್ಯಾಕ್ಸ್ ಅನ್ನುವ ಇನ್ನೂ ಬಲಕ್ಕಿರುವ ಚಾನೆಲ್ ಕಡೆ ಹೊರಟರು. ಆಮೇಲೆ ಫಾಕ್ಸ್‌ನಲ್ಲಿ ಮತಯಂತ್ರ ಕಂಪನಿ ಡೊಮಿನಿಯನ್ ಚುನಾವಣೆ ಕದ್ದಿತು ಅನ್ನೋ ಮಾತುಗಳು ಪ್ರಸಾರವಾದವು. ಡೊಮಿನಿಯನ್ ಕೋರ್ಟಿಗೆ ಹೋಯಿತು. ಆಗ ಹೊರಬಂದ ಫೋನ್ ಸಂದೇಶಗಳಲ್ಲಿ ನಿರೂಪಕರೇ ಆ ಆರೋಪಗಳನ್ನು ಖಾಸಗಿಯಾಗಿ ಗೇಲಿ ಮಾಡಿದ್ದರು. ಚಾನೆಲ್‌ನ ಒಬ್ಬ ವರದಿಗಾರ್ತಿ ಈ ಆರೋಪಕ್ಕೆ ಆಧಾರವಿಲ್ಲ ಅಂತ ಟ್ವೀಟ್ ಮಾಡಿದಾಗ ನಿರೂಪಕ ಟಕರ್ ಕಾರ್ಲ್‌ಸನ್, ಅವಳನ್ನು ಕೆಲಸದಿಂದ ತೆಗೆಸಿ, ಕಂಪನಿಗೆ ನಷ್ಟವಾಗ್ತಿದೆ, ಷೇರು ಬೆಲೆ ಇಳಿದಿದೆ ಅಂತ ಸಹೋದ್ಯೋಗಿಗಳಿಗೆ ಬರೆದರು. 2023ರ ಏಪ್ರಿಲ್‌ನಲ್ಲಿ ವಿಚಾರಣೆ ಶುರುವಾಗುವ ದಿನ ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಹಳೆಯ ಸಂಪಾದಕನಿಗೆ ಒಬ್ಬ ಯಜಮಾನನಿದ್ದ. ಅವನು ಬೇಡ ಅಂದರೆ ಕ್ಯಾಲೆಂಡರ್ ಹಾಗೆ ಪಕ್ಷ ಬದಲಿಸಬಹುದಿತ್ತು. ಲಕ್ಷಾಂತರ ನೋಡುಗರು ಯಜಮಾನರಾದಾಗ ಆ ದಾರಿ ಮುಚ್ಚಿಹೋಗುತ್ತದೆ. ನಾನು ಇವತ್ತಿನ ಸ್ಥಿತಿಯನ್ನು ಹಿಂದಿನದಕ್ಕಿಂತ ಕಷ್ಟದ್ದು ಅನ್ನೋದು ಈ ಕಾರಣಕ್ಕೆ. ಬೈಗುಳದ ಮಟ್ಟ ನೋಡಿದರೆ ಅವತ್ತಿನವರೇ ಮುಂದು.

ಇನ್ನು ನಿಮ್ಮ ಮೂರನೇ ಪ್ರಶ್ನೆ, ನಿಯಮ ಮತ್ತೆ ತಂದರೆ? ಕೇಬಲ್‌ನಲ್ಲಿ ಬರುವ ಚಾನೆಲ್ ಜನರ ಗಾಳಿಯನ್ನು ಬಳಸುವುದಿಲ್ಲ. ಹಾಗಾಗಿ ರೆಡ್ ಲಯನ್ ತೀರ್ಪಿನ ತರ್ಕ ಅದಕ್ಕೆ ತಾಗುವುದಿಲ್ಲ. ಪತ್ರಿಕೆಗಂತೂ ಸಾಧ್ಯವೇ ಇಲ್ಲ. ಟೀಕೆಗೆ ಒಳಗಾದ ಅಭ್ಯರ್ಥಿಗೆ ಉತ್ತರಿಸಲು ಪತ್ರಿಕೆ ಜಾಗ ಕೊಡಲೇಬೇಕು ಅನ್ನುತ್ತಿದ್ದ ಫ್ಲೋರಿಡಾ ಕಾನೂನನ್ನು 1974ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೊಡೆದುಹಾಕಿತು. ಆ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್. ಮಿಸಿಸಿಪ್ಪಿ ಟಿವಿ ಕೇಂದ್ರದ ಪ್ರಕರಣದಲ್ಲಿ ನೋಡುಗರ ಪರ ನಿಂತಿದ್ದ ನ್ಯಾಯಾಧೀಶರೂ ಅವರೇ. ಅಂದರೆ ನಿಯಮ ವಾಪಸ್ ಬಂದರೂ ಅದು ಕಟ್ಟಿಹಾಕುವುದು ರೇಡಿಯೊ ಮತ್ತು ಆಂಟೆನಾ ಟಿವಿಯನ್ನು ಮಾತ್ರ. ಜಗಳ ನಡೆಯುತ್ತಿರುವುದು ಬೇರೆ ಕಡೆ. 2011ರಲ್ಲಿ ಎಫ್‌ಸಿಸಿ ತನ್ನ ನಿಯಮ ಪುಸ್ತಕದಿಂದ ಅದರ ಉಳಿದ ಸಾಲುಗಳನ್ನೂ ಅಳಿಸಿತು.

ಉಳಿದಿರುವುದು 1934ರ ಕಾಯ್ದೆಯ ಸಮಾನ ಸಮಯದ ಕಲಂ. ಅದು ಅಭ್ಯರ್ಥಿಗಳಿಗೆ ಮಾತ್ರ, ಸುದ್ದಿ ಕಾರ್ಯಕ್ರಮಗಳಿಗೆ ಅದರಿಂದ ವಿನಾಯಿತಿ ಇದೆ. 2024ರ ನವೆಂಬರ್ 2ರ ರಾತ್ರಿ ಕಮಲಾ ಹ್ಯಾರಿಸ್ ಎನ್‌ಬಿಸಿಯ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡರು. ಮರುದಿನವೇ ಎನ್‌ಬಿಸಿ ಕಾರ್ ರೇಸ್ ಪ್ರಸಾರದ ಕೊನೆಯಲ್ಲಿ ಡೊನಾಲ್ಡ್ ಟ್ರಂಪ್‌ಗೆ ಪುಕ್ಕಟೆ ಸಮಯ ಕೊಟ್ಟಿತು. ಅದೇ ವಾರ ಕೇಬಲ್ ಚಾನೆಲ್‌ಗಳಲ್ಲಿ ಇಬ್ಬರ ಬಗ್ಗೆಯೂ ಗಂಟೆಗಟ್ಟಲೆ ಬಂದ ಮಾತುಗಳನ್ನು ಯಾರೂ ಲೆಕ್ಕ ಇಡಬೇಕಾಗಿರಲಿಲ್ಲ.